ಟೈರಿನ ದೋಷವೋ, ಗಾಡಿಯ ದೋಷವೋ? ಫೋರ್ಡ್ ಎಕ್ಸ್‌ಪ್ಲೋರರ್ ಪ್ರಕರಣದ ಒಂದು ಅಧ್ಯಯನ

ಯಂತ್ರವೊಂದು ಬಳಸಿ ಬಳಸಿ ಸವೆದು ಕೆಟ್ಟರೆ ಅದನ್ನು ದುರಸ್ತಿ ಮಾಡಿಸುವ ಹೊಣೆ ಅದರ ಒಡೆಯನದು. ಇದರಲ್ಲಿ ವಿವಾದವಿಲ್ಲ. ಆದರೆ ಕಾರ್ಖಾನೆಯ ಬಾಗಿಲು ದಾಟುವಾಗಲೇ ದೋಷವನ್ನು ಒಡಲಲ್ಲಿಟ್ಟುಕೊಂಡು ಹೊರಟ ಯಂತ್ರದ ಮಾತು ಬೇರೆ. ಕೊಂಡವನಿಗೆ ಆ ದೋಷ ಕಾಣುವುದಿಲ್ಲ. ಮಾರಿದವನಿಗೆ ಕಂಡರೂ ಕೆಲವೊಮ್ಮೆ ಬಾಯಿ ಬರುವುದಿಲ್ಲ. ಪ್ರಾಣಕ್ಕೆ ಅಪಾಯ ತರಬಲ್ಲ ಇಂಥ ದೋಷವುಳ್ಳ ವಾಹನಗಳನ್ನು ತಯಾರಕರು ಬಹಿರಂಗವಾಗಿ ಪ್ರಕಟಿಸಿ, ಹಿಂದಕ್ಕೆ ಕರೆಸಿ, ಒಡೆಯನಿಂದ ಹಣ ಪಡೆಯದೆ ಸರಿಪಡಿಸಿಕೊಡುವ ಪದ್ಧತಿಗೆ ‘ರಿಕಾಲ್’ ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪದ್ಧತಿಗೆ ೧೯೬೬ರ ವಾಹನ ಸುರಕ್ಷತಾ ಕಾಯಿದೆಯಿಂದ ಬುನಾದಿ ಬಿದ್ದಿತು. ಆ ಕಾಯಿದೆಯನ್ನು ನಡೆಸಲು ೧೯೭೦ರಲ್ಲಿ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವೆಂಬ ಸರಕಾರಿ ಸಂಸ್ಥೆ ಸ್ಥಾಪಿತವಾಯಿತು.

ಕಾಯಿದೆಯೂ ಇದ್ದು, ಅದನ್ನು ನಡೆಸುವ ಸಂಸ್ಥೆಯೂ ಇದ್ದು, ದೋಷದ ಸುದ್ದಿಯೂ ಹಲವರ ಕೈಯಲ್ಲಿದ್ದು, ಆದರೂ ವರ್ಷಗಟ್ಟಲೆ ಜನ ಸಾಯುತ್ತ ಹೋದದ್ದು ಹೇಗೆಂಬುದನ್ನು ತಿಳಿಯಬೇಕಾದರೆ ಫೋರ್ಡ್ ಸಂಸ್ಥೆಯ ‘ಎಕ್ಸ್‌ಪ್ಲೋರರ್’ ವಾಹನದ ಮತ್ತು ಅದಕ್ಕೆ ತೊಡಿಸಿದ ‘ಫೈರ್‌ಸ್ಟೋನ್’ ಟೈರುಗಳ ಇತಿಹಾಸವನ್ನು ನೋಡಬೇಕು. ದೋಷವು ಯಾವಾಗಲೂ ಒಂದು ಬಿಡಿಭಾಗದಲ್ಲಿಯೇ ಇರುತ್ತದೆಂಬ ಸಾಮಾನ್ಯ ನಂಬಿಕೆಯು ಎಷ್ಟು ಅಪೂರ್ಣವೆಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ.

ಎಕ್ಸ್‌ಪ್ಲೋರರ್ ಮಾರುಕಟ್ಟೆಗೆ ಬಂದದ್ದು ೧೯೯೦ರಲ್ಲಿ. ಅದಕ್ಕೆ ಮೊದಲು ಅಮೆರಿಕದಲ್ಲಿ ಈ ಬಗೆಯ ಎತ್ತರದ ಗಾಡಿಗಳನ್ನು ಹೆಚ್ಚಾಗಿ ಬೇಟೆಗಾರರು, ಹೊಲದವರು, ಗುಡ್ಡಗಾಡಿನವರು ಕೊಳ್ಳುತ್ತಿದ್ದರು. ಎಕ್ಸ್‌ಪ್ಲೋರರ್ ಅದನ್ನು ಸಂಸಾರವಂದಿಗರ ಗಾಡಿಯನ್ನಾಗಿ ಮಾಡಿತು. ಮಕ್ಕಳನ್ನು ಶಾಲೆಗೆ ಬಿಡಲು, ಸಂತೆಯ ಸಾಮಾನು ತರಲು, ರಜೆಯಲ್ಲಿ ದೂರದ ಊರಿಗೆ ಹೋಗಲು ಅದೇ ಗಾಡಿ. ತೊಂಬತ್ತರ ದಶಕದಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಎಸ್‌ಯುವಿ ಇದೇ. ಆದರೆ ಹೊರಗೆ ಕಾರಿನ ವೇಷ ತೊಟ್ಟ ಈ ಗಾಡಿಯ ಅಡಿಪಾಯ ಕಾರಿನದಾಗಿರಲಿಲ್ಲ. ಫೋರ್ಡ್ ಸಂಸ್ಥೆಯದೇ ‘ರೇಂಜರ್’ ಎಂಬ ಸಣ್ಣ ಸರಕು ಗಾಡಿಯ ಚಾಸಿಯ ಮೇಲೆ ಇದನ್ನು ಕಟ್ಟಲಾಗಿತ್ತು. ಹಿಂದಿನ ಅಚ್ಚು ಇಡಿಯಾದದ್ದು. ಅದನ್ನು ಹೊತ್ತವು ಲಾರಿಗಳಲ್ಲಿರುವಂಥ ಕಮಾನುಪಟ್ಟಿಗಳು.

ಎತ್ತರದ ಗಾಡಿ ಏಕೆ ಮಗುಚುತ್ತದೆಂಬುದನ್ನು ಹುಲ್ಲು ಹೇರಿದ ಬಂಡಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹೊರೆ ಮೇಲೇರಿದಷ್ಟೂ ಬಂಡಿ ಓರೆಯಾದಾಗ ಮಗುಚುವ ಭಯ ಹೆಚ್ಚು. ಗಾಲಿಗಳ ನಡುವಣ ಅಗಲ ಹೆಚ್ಚಿದಷ್ಟೂ ಆ ಭಯ ಕಡಿಮೆ. ಯಂತ್ರಶಾಸ್ತ್ರಜ್ಞರು ಇದನ್ನೇ ಒಂದು ಲೆಕ್ಕಕ್ಕೆ ಇಳಿಸಿದ್ದಾರೆ. ಎಡ ಬಲ ಗಾಲಿಗಳ ನಡುವಣ ಅಗಲದ ಅರ್ಧವನ್ನು ಗಾಡಿಯ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯು ಸ್ಥಿರತೆಯ ಅಳತೆ. ಸಾಮಾನ್ಯ ಕಾರುಗಳಲ್ಲಿ ಈ ಸಂಖ್ಯೆ ೧.೩ರಿಂದ ೧.೫ರವರೆಗೆ ಇರುತ್ತದೆ, ಎಸ್‌ಯುವಿಗಳಲ್ಲಿ ೧.೦ರಿಂದ ೧.೩ರವರೆಗೆ. ವ್ಯತ್ಯಾಸ ನೋಡಲು ಅಲ್ಪ. ಹೆದ್ದಾರಿಯಲ್ಲಿ ಅತಿವೇಗದಲ್ಲಿರುವಾಗ ಗಾಡಿ ಅಡ್ಡ ತಿರುಗಿದರೆ ಆ ಅಲ್ಪವೇ ಬದುಕು ಸಾವುಗಳ ಅಂತರವಾಗುತ್ತದೆ.

ಎಕ್ಸ್‌ಪ್ಲೋರರ್ ಮಾರುಕಟ್ಟೆಗೆ ಬರುವ ಮೊದಲೇ ಅದರ ಪರೀಕ್ಷೆಗಳಲ್ಲಿ ತೀಕ್ಷ್ಣವಾದ ತಿರುವುಗಳನ್ನು ಕುರಿತು ಚಿಂತೆ ಹುಟ್ಟಿತ್ತು. ಮುಂದೆ ಮೊಕದ್ದಮೆಗಳಲ್ಲಿ ಹೊರಬಂದ ಕಾಗದಪತ್ರಗಳ ಪ್ರಕಾರ ಇಂಜಿನಿಯರುಗಳ ಮುಂದೆ ಹಲವು ಉಪಾಯಗಳಿದ್ದವು: ಗಾಲಿಗಳ ನಡುವಣ ಅಗಲವನ್ನು ಹೆಚ್ಚಿಸುವುದು, ಗಾಡಿಯ ಭಾರವನ್ನು ಕೆಳಗಿಳಿಸುವುದು, ಸ್ಪ್ರಿಂಗುಗಳನ್ನು ಬಿಗಿಗೊಳಿಸುವುದು, ಟೈರಿನ ಗಾಳಿಯನ್ನು ಇಳಿಸುವುದು. ಮೊದಲನೆಯದನ್ನು ಮಾಡಲು ಗಾಡಿಯ ರಚನೆಯನ್ನೇ ಬದಲಿಸಬೇಕು, ಸಮಯವೂ ಹಣವೂ ಬೇಕು. ಕೊನೆಯದಕ್ಕೆ ಬೇಕಾದುದು ಬಾಗಿಲ ಚೌಕಟ್ಟಿಗೆ ಅಂಟಿಸುವ ಚೀಟಿಯಲ್ಲಿ ಒಂದು ಸಂಖ್ಯೆಯ ಬದಲಾವಣೆ ಮಾತ್ರ. ಅಗಲ ಹಾಗೆಯೇ ಉಳಿಯಿತು. ಚೀಟಿಯ ಮೇಲೆ ಚದರ ಅಂಗುಲಕ್ಕೆ ೨೬ ಪೌಂಡು ಗಾಳಿಯೆಂದು ಮುದ್ರಿತವಾಯಿತು. ಈ ಒತ್ತಡದಿಂದ ಸವಾರಿ ಮೆತ್ತಗಿರುತ್ತದೆ, ಹಿಡಿತವೂ ಚೆನ್ನಾಗಿರುತ್ತದೆ, ಸುರಕ್ಷತೆಗೆ ಕುಂದಿಲ್ಲ ಎಂಬುದು ಫೋರ್ಡ್ ಸಂಸ್ಥೆಯ ನಿಲುವಾಗಿತ್ತು. ಟೈರು ತಯಾರಿಸಿದ ಫೈರ್‌ಸ್ಟೋನ್ ಸಂಸ್ಥೆ ಹತ್ತು ವರ್ಷಗಳ ಕಾಲ ಅದನ್ನು ಒಪ್ಪಿಕೊಂಡೇ ಟೈರು ಪೂರೈಸಿತು. ೩೦ ಪೌಂಡು ಇರಬೇಕೆಂದು ಅದು ಸಾರಿದ್ದು ೨೦೦೦ದಲ್ಲಿ, ಸಾವುಗಳು ಬಯಲಾದ ಮೇಲೆ.

ಈಗ ಟೈರಿನ ಒಳರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವಿವಾದದ ಬೇರು ಅಲ್ಲಿದೆ. ಹೊರಗಿನಿಂದ ಟೈರು ಒಂದೇ ರಬ್ಬರಿನ ಬಳೆಯಂತೆ ತೋರಿದರೂ ಅದು ಹಲವು ಪದರಗಳ ಸಂಯೋಗ. ಒಳಗೆ ಗಾಳಿ ಸೋರದಂತೆ ತಡೆಯುವ ಪದರ. ಅದರ ಮೇಲೆ ನೂಲಿನ ಹಂದರ. ಅದರ ಮೇಲೆ ಸಣ್ಣ ಉಕ್ಕಿನ ತಂತಿಗಳನ್ನು ರಬ್ಬರಿನಲ್ಲಿ ಹುದುಗಿಸಿ ಮಾಡಿದ ಎರಡು ಪಟ್ಟಿಗಳು. ಎಲ್ಲಕ್ಕೂ ಮೇಲೆ ನೆಲ ಮುಟ್ಟುವ ದಪ್ಪ ಹೊರಪದರ. ಉಕ್ಕಿಗೂ ರಬ್ಬರಿಗೂ ಸಹಜವಾದ ಸ್ನೇಹವಿಲ್ಲ. ತಂತಿಗೆ ಹಿತ್ತಾಳೆಯ ಲೇಪ ಕೊಟ್ಟು, ತಕ್ಕ ರಬ್ಬರನ್ನು ಆರಿಸಿ, ಬಿಸಿ ಅಚ್ಚಿನಲ್ಲಿ ಬೇಯಿಸಿ ಅವೆರಡನ್ನೂ ಬೆಸೆಯಬೇಕು. ಎರಡು ಉಕ್ಕಿನ ಪಟ್ಟಿಗಳ ಅಂಚುಗಳು ಸೇರುವೆಡೆಯೇ ಅತ್ಯಂತ ಸೂಕ್ಷ್ಮವಾದ ಜಾಗ. ಗಾಲಿ ಉರುಳುವಾಗ ಪ್ರತಿ ಸುತ್ತಿನಲ್ಲಿಯೂ ಅಲ್ಲಿ ಒಂದು ಪಟ್ಟಿ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಸರಿಯುತ್ತದೆ. ಆ ಸೆಳೆತವನ್ನು ತಾಳಿಕೊಳ್ಳಲೆಂದೇ ಅಂಚಿನಲ್ಲಿ ಎರಡು ಪಟ್ಟಿಗಳ ನಡುವೆ ಬೆಣೆಯಂಥ ರಬ್ಬರನ್ನು ಇಟ್ಟಿರುತ್ತಾರೆ.

ಗಾಳಿ ಕಡಿಮೆಯಾದ ಟೈರು ನೆಲದ ಮೇಲೆ ಹೆಚ್ಚು ಚಪ್ಪಟೆಯಾಗುತ್ತದೆ, ಆದುದರಿಂದ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗುತ್ತದೆ. ಬಾಗಿದ ರಬ್ಬರು ತನಗೆ ಕೊಟ್ಟ ಶಕ್ತಿಯನ್ನು ಪೂರ್ತಿ ಹಿಂದಿರುಗಿಸದೆ ಒಂದಂಶವನ್ನು ಶಾಖವಾಗಿ ಉಳಿಸಿಕೊಳ್ಳುತ್ತದೆ. ಇದಕ್ಕೆ ಗಾಡಿಯ ತುಂಬ ಜನ, ಮೇಲೆ ಸಾಮಾನು, ಬೇಸಗೆಯ ರಸ್ತೆ, ಗಂಟೆಗಟ್ಟಲೆ ಅತಿವೇಗ ಸೇರಿದವೆನ್ನಿ. ಶಾಖದಿಂದ ಬೆಣೆಯ ರಬ್ಬರು ದುರ್ಬಲವಾಗುತ್ತದೆ. ಅಂಚಿನಲ್ಲಿ ಸಣ್ಣ ಬಿರುಕು ಹುಟ್ಟುತ್ತದೆ. ಬಿರುಕು ಪಟ್ಟಿಗಳ ನಡುವೆ ಒಳಗೊಳಗೇ ಹರಿಯುತ್ತದೆ. ಹೊರಗಿನಿಂದ ನೋಡಿದವನಿಗೆ ಏನೂ ತಿಳಿಯದು. ಒಂದು ದಿನ ಹೊರಪದರವೂ ಅದಕ್ಕೆ ಅಂಟಿದ ಮೇಲಿನ ಉಕ್ಕಿನ ಪಟ್ಟಿಯೂ ಒಟ್ಟಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹಾರಿಹೋಗುತ್ತವೆ. ಹಿಂದಿನ ಗಾಲಿಯಲ್ಲಿ ಹೀಗಾದರೆ ಹಿಂಭಾಗದ ಹಿಡಿತ ತಪ್ಪಿ ಗಾಡಿ ಬುಗುರಿಯಂತೆ ತಿರುಗಲು ತೊಡಗುತ್ತದೆ. ಬೆದರಿದ ಚಾಲಕ ಚಕ್ರವನ್ನು ಥಟ್ಟನೆ ಎದುರು ದಿಕ್ಕಿಗೆ ತಿರುವುತ್ತಾನೆ. ತಗ್ಗಿನ ಕಾರಾಗಿದ್ದರೆ ಅಡ್ಡ ಜಾರಿ ನಿಲ್ಲುವ ಸಂಭವ ಹೆಚ್ಚು. ಎತ್ತರದ ಗಾಡಿ ಮಗುಚುತ್ತದೆ.

ಹೀಗೆ ಬೆಣೆಯ ದಪ್ಪ, ಗಾಳಿಯ ಒತ್ತಡ, ಹೊರೆ, ಬಿಸಿಲು, ವೇಗ, ಎತ್ತರ ಇವು ಒಂದೊಂದೂ ತನ್ನಷ್ಟಕ್ಕೆ ತಾನು ಸಹ್ಯವಾದ ಮಿತಿಯಲ್ಲಿತ್ತೆಂದು ವಾದಿಸಬಹುದು. ವಾದಿಸಿದವರೂ ಇದ್ದರು. ಎಲ್ಲವೂ ಒಂದೇ ಗಾಡಿಯಲ್ಲಿ ಒಂದೇ ಮಧ್ಯಾಹ್ನ ಕೂಡಿಬಂದಾಗ ಉಳಿದದ್ದು ಮಗುಚಿಬಿದ್ದ ಗಾಡಿ.

ಸುದ್ದಿ ಮೊದಲು ತಿಳಿದವರು ಯಾರು? ಉತ್ತರವು ದುಃಖಕರವಾಗಿದೆ, ಏಕೆಂದರೆ ತಿಳಿದವರು ಅನೇಕರು. ೧೯೯೮ರ ಜುಲೈನಲ್ಲಿ ‘ಸ್ಟೇಟ್ ಫಾರ್ಮ್’ ಎಂಬ ವಿಮಾ ಸಂಸ್ಥೆಯ ಒಬ್ಬ ಸಂಶೋಧಕ ತನ್ನ ಮುಂದೆ ಬಂದ ಪರಿಹಾರದ ಅರ್ಜಿಗಳಲ್ಲಿ ಒಂದೇ ಜಾತಿಯ ಟೈರು ಕಳಚಿದ ೨೧ ಪ್ರಕರಣಗಳನ್ನು ಗುರುತಿಸಿ ಸುರಕ್ಷತಾ ಆಡಳಿತಕ್ಕೆ ಬರೆದು ತಿಳಿಸಿದ. ಆ ಪತ್ರದ ಮೇಲೆ ತನಿಖೆ ನಡೆಯಲಿಲ್ಲ. ಫೈರ್‌ಸ್ಟೋನ್ ಸಂಸ್ಥೆಯಲ್ಲಿ ಅಪಘಾತ ಪರಿಹಾರದ ಅರ್ಜಿಗಳ ಲೆಕ್ಕವಿತ್ತು. ಆದರೆ ಅದನ್ನು ಹಣದ ದೃಷ್ಟಿಯಿಂದ ನೋಡುತ್ತಿದ್ದರೇ ಹೊರತು ಟೈರಿನ ಗುಣಾವಗುಣಗಳನ್ನು ಅಳೆಯಲು ಬಳಸುತ್ತಿರಲಿಲ್ಲವೆಂದು ಆ ಸಂಸ್ಥೆಯವರೇ ಮುಂದೆ ಅಮೆರಿಕದ ಸಂಸತ್ತಿನ ಸಮಿತಿಯೆದುರು ಹೇಳಿದರು. ಸೌದಿ ಅರೇಬಿಯದಿಂದಲೂ ದೂರುಗಳು ಬಂದಿದ್ದವು. ಅಲ್ಲಿನ ಮರಳುಗಾಡಿನ ಬಿಸಿಲಿನಲ್ಲಿ ಟೈರುಗಳು ಕಳಚತೊಡಗಿದಾಗ ೧೯೯೯ರಲ್ಲಿ ಫೋರ್ಡ್ ಸಂಸ್ಥೆ ಕೊಲ್ಲಿ ದೇಶಗಳಲ್ಲಿ ಅವನ್ನು ಬದಲಿಸಲು ತೊಡಗಿತು. ಮರುವರ್ಷ ಮಲೇಷಿಯ, ಥಾಯ್ಲೆಂಡ್, ವೆನೆಜುವೆಲಾಗಳಲ್ಲಿಯೂ ಹಾಗೆಯೇ ಮಾಡಲಾಯಿತು. ಹೊರದೇಶದಲ್ಲಿ ಮಾಡಿದ ಇಂಥ ಬದಲಾವಣೆಯನ್ನು ಸ್ವದೇಶದ ಸರಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆ ಅಂದಿನ ಕಾಯಿದೆಯಲ್ಲಿರಲಿಲ್ಲ. ತಿಳಿಸಲೂ ಇಲ್ಲ.

ಚದುರಿದ್ದ ಈ ಸುದ್ದಿಯನ್ನು ಜನರ ಮುಂದಿಟ್ಟದ್ದು ೨೦೦೦ದ ಫೆಬ್ರುವರಿಯಲ್ಲಿ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ನಗರದ ಒಂದು ದೂರದರ್ಶನ ಕೇಂದ್ರ. ಆ ವರದಿಯ ನಂತರ ಸುರಕ್ಷತಾ ಆಡಳಿತಕ್ಕೆ ದೂರುಗಳು ಒಂದರ ಮೇಲೊಂದು ಬಂದವು. ಮೇ ತಿಂಗಳಲ್ಲಿ ತನಿಖೆ ಆರಂಭವಾಯಿತು. ಆಗಸ್ಟ್ ೯ರಂದು ಫೈರ್‌ಸ್ಟೋನ್ ಸಂಸ್ಥೆ ಒಂದು ನಿರ್ದಿಷ್ಟ ಅಳತೆಯ ‘ಎಟಿಎಕ್ಸ್’, ‘ಎಟಿಎಕ್ಸ್ ೨’ ಟೈರುಗಳನ್ನೂ, ಇಲಿನಾಯ್ ಪ್ರಾಂತದ ಡಿಕೇಟರ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಅದೇ ಅಳತೆಯ ‘ವಿಲ್ಡರ್‌ನೆಸ್ ಎಟಿ’ ಟೈರುಗಳನ್ನೂ ಹಿಂದಕ್ಕೆ ಕರೆಸಿತು. ತಯಾರಾಗಿದ್ದವು ಒಟ್ಟು ೧ ಕೋಟಿ ೪೪ ಲಕ್ಷ. ಅವುಗಳಲ್ಲಿ ಇನ್ನೂ ರಸ್ತೆಯ ಮೇಲಿದ್ದವು ಸುಮಾರು ೬೫ ಲಕ್ಷವೆಂದು ಅಂದಾಜು.

ಅಷ್ಟು ಹೊಸ ಟೈರುಗಳು ಕೂಡಲೇ ದೊರೆಯುವಂತಿರಲಿಲ್ಲ. ಆದುದರಿಂದ ಬಿಸಿಲು ಹೆಚ್ಚಾದ ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಟೆಕ್ಸಾಸ್ ಪ್ರಾಂತಗಳಿಗೆ ಮೊದಲ ಸರದಿ, ಉಳಿದವರಿಗೆ ಆಮೇಲೆ ಎಂದು ಗೊತ್ತುಪಡಿಸಲಾಯಿತು. ಇನ್ನೊಂದು ತೊಡಕು ಕೇಳಲು ಚಿಕ್ಕದು, ಅನುಭವಿಸಿದವರಿಗೆ ಚಿಕ್ಕದಲ್ಲ. ಟೈರು ಯಾವ ಕಾರ್ಖಾನೆಯದೆಂದು ತಿಳಿಯಲು ಅದರ ಪಕ್ಕದಲ್ಲಿ ಒತ್ತಿದ ಅಕ್ಷರಗಳನ್ನು ಓದಬೇಕು. ಡಿಕೇಟರಿನ ಗುರುತು ‘ವಿ, ಡಿ’ ಎಂಬೆರಡು ಅಕ್ಷರಗಳು. ಪೂರ್ಣ ಸಂಖ್ಯೆಯನ್ನು ಟೈರಿನ ಒಂದೇ ಪಕ್ಕದಲ್ಲಿ ಒತ್ತಿದರೆ ಸಾಕೆಂದು ಅಂದಿನ ನಿಯಮವಿತ್ತು. ಅನೇಕ ಗಾಡಿಗಳಲ್ಲಿ ಆ ಪಕ್ಕ ಒಳಗಡೆಗೆ ಬಂದಿತ್ತು. ದೀಪ ಹಿಡಿದು ಗಾಡಿಯಡಿ ತೆವಳದೆ ಮನೆಯವರಿಗೆ ತಮ್ಮ ಟೈರಿನ ಗುರುತು ತಿಳಿಯುತ್ತಿರಲಿಲ್ಲ. ಮುಂದೆ ಈ ನಿಯಮವನ್ನು ಬದಲಿಸಿ ಪೂರ್ಣ ಸಂಖ್ಯೆಯು ಹೊರಮುಖದಲ್ಲಿ ಇರುವಂತೆ ಮಾಡಲಾಯಿತು.

ಅಂತೂ ಸುರಕ್ಷತಾ ಆಡಳಿತಕ್ಕೆ ಬಂದ ದೂರುಗಳಲ್ಲಿ ದಾಖಲಾದ ಸಾವುಗಳು ಅಮೆರಿಕವೊಂದರಲ್ಲಿಯೇ ೨೭೧ಕ್ಕೆ ಮುಟ್ಟಿದವು. ಗಾಯಗೊಂಡವರು ೮೦೦ಕ್ಕೂ ಹೆಚ್ಚು. ವೆನೆಜುವೆಲಾ ಮುಂತಾದೆಡೆಯ ಸಾವುಗಳು ಇದರಲ್ಲಿ ಸೇರಿಲ್ಲ.

ಇಷ್ಟಾದ ಮೇಲೆ ಎರಡು ಸಂಸ್ಥೆಗಳೂ ಒಂದಾಗಿ ಕಾರಣವನ್ನು ಶೋಧಿಸಬಹುದಿತ್ತು. ನಡೆದದ್ದು ಬೇರೆ. ಟೈರು ಕಳಚದಿದ್ದರೆ ಗಾಡಿ ಮಗುಚುತ್ತಿರಲಿಲ್ಲವೆಂದು ಫೋರ್ಡ್. ಟೈರು ಎಲ್ಲ ಗಾಡಿಗಳಲ್ಲಿಯೂ ಒಂದಲ್ಲ ಒಂದು ದಿನ ಕೆಡುತ್ತದೆ, ಹಾಗೆ ಕೆಟ್ಟಾಗ ಮಗುಚದಂತಿರಬೇಕಾದುದು ಗಾಡಿಯ ಧರ್ಮವೆಂದು ಫೈರ್‌ಸ್ಟೋನ್. ವಿಚಿತ್ರವೆಂದರೆ ಎರಡು ಮಾತುಗಳಲ್ಲಿಯೂ ಸತ್ಯಾಂಶವಿತ್ತು. ಎರಡೂ ತಂತಮ್ಮ ಪಾಲನ್ನು ಮರೆಮಾಡಲು ಆಡಿದ ಮಾತುಗಳು. ಈ ಜಗಳವು ಪರಕೀಯರ ನಡುವಿನದೂ ಆಗಿರಲಿಲ್ಲ. ೧೯೦೬ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರುಗಳಿಗೆಂದು ಹಾರ್ವೆ ಫೈರ್‌ಸ್ಟೋನ್‌ನಿಂದ ೨,೦೦೦ ಜೊತೆ ಟೈರುಗಳನ್ನು ಕೊಂಡಾಗಿನಿಂದ ಎರಡು ಮನೆತನಗಳ ಸ್ನೇಹ ಬೆಳೆದಿತ್ತು. ೧೯೪೭ರಲ್ಲಿ ಹೆನ್ರಿಯ ಮೊಮ್ಮಗನಿಗೂ ಹಾರ್ವೆಯ ಮೊಮ್ಮಗಳಿಗೂ ವಿವಾಹವಾಯಿತು. ಅವರ ಮಗನೇ ಈ ಪ್ರಕರಣದ ಕಾಲಕ್ಕೆ ಫೋರ್ಡ್ ಸಂಸ್ಥೆಯ ಅಧ್ಯಕ್ಷ. ಫೈರ್‌ಸ್ಟೋನ್ ಸಂಸ್ಥೆ ಮಾತ್ರ ೧೯೮೮ರಲ್ಲಿಯೇ ಜಪಾನಿನ ‘ಬ್ರಿಜ್‌ಸ್ಟೋನ್’ ಸಂಸ್ಥೆಯ ಕೈ ಸೇರಿತ್ತು. ೨೦೦೧ರ ಮೇ ೨೧ರಂದು ಅದು ಫೋರ್ಡ್‌ಗೆ ಪತ್ರ ಬರೆದು ಸುಮಾರು ನೂರು ವರ್ಷಗಳ ವ್ಯವಹಾರವನ್ನು ಕಡಿದುಕೊಂಡಿತು. ಮಾರನೆಯ ದಿನವೇ ಫೋರ್ಡ್, ಹಿಂದೆ ಕರೆಸದೆ ಉಳಿದಿದ್ದ ೧ ಕೋಟಿ ೩೦ ಲಕ್ಷ ವಿಲ್ಡರ್‌ನೆಸ್ ಟೈರುಗಳನ್ನು ತನ್ನ ಖರ್ಚಿನಿಂದಲೇ ಬದಲಿಸುವುದಾಗಿ ಪ್ರಕಟಿಸಿತು.

ಪಕ್ಷಪಾತವಿಲ್ಲದ ತೀರ್ಮಾನಕ್ಕೆ ಹತ್ತಿರವಾದುದು ಎರಡು ಮೂರು ಶೋಧನೆಗಳು. ಫೈರ್‌ಸ್ಟೋನ್ ಸಂಸ್ಥೆಯೇ ನೇಮಿಸಿದ್ದ ಬರ್ಕ್‌ಲಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸಂಜಯ್ ಗೋವಿಂದ್‌ಜೀ ಅವರು ೨೦೦೧ರಲ್ಲಿ ಒಪ್ಪಿಸಿದ ವರದಿಯಲ್ಲಿ ಯಾವುದೇ ಒಂದು ಕಾರಣವನ್ನು ಹಿಡಿಯಲಿಲ್ಲ. ಹವೆ, ಟೈರಿನ ವಿನ್ಯಾಸ, ಡಿಕೇಟರ್ ಕಾರ್ಖಾನೆಯ ತಯಾರಿಕೆಯ ವ್ಯತ್ಯಾಸ, ಹೊರೆ ಮತ್ತು ಗಾಳಿಯ ಒತ್ತಡ ಇವೆಲ್ಲವೂ ಕೂಡಿ ಪಟ್ಟಿಗಳನ್ನು ಬೇರ್ಪಡಿಸಿದವೆಂದು ಅವರು ಹೇಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸುರಕ್ಷತಾ ಆಡಳಿತವು ೧೯೯೮ರ ಮೇ ತಿಂಗಳಿಗಿಂತ ಹಿಂದೆ ತಯಾರಾದ ಕೆಲವು ವಿಲ್ಡರ್‌ನೆಸ್ ಟೈರುಗಳಲ್ಲಿ ದೋಷವಿದೆಯೆಂದು ನಿರ್ಣಯಿಸಿತು. ಪಟ್ಟಿಗಳ ನಡುವಣ ಬೆಣೆಯನ್ನು ಸಂಸ್ಥೆಯು ದಪ್ಪಗೊಳಿಸಿದ್ದು ಆ ಸುಮಾರಿಗೇ! ಎಕ್ಸ್‌ಪ್ಲೋರರ್ ಗಾಡಿಯನ್ನೂ ತನಿಖೆ ಮಾಡಬೇಕೆಂಬ ಫೈರ್‌ಸ್ಟೋನ್‌ನ ಬೇಡಿಕೆಯನ್ನು ಆಡಳಿತವು ೨೦೦೨ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು; ಆ ಜಾತಿಯ ಇತರ ಗಾಡಿಗಳಿಗಿಂತ ಅದು ಕೀಳಲ್ಲವೆಂಬುದು ಅದರ ಅಭಿಪ್ರಾಯ. ಆದರೂ ೨೦೦೨ರ ಹೊಸ ಎಕ್ಸ್‌ಪ್ಲೋರರ್ ಎರಡೂವರೆ ಅಂಗುಲ ಹೆಚ್ಚು ಅಗಲವಾಗಿ, ಹಿಂಬದಿಯ ಗಾಲಿಗಳು ಪ್ರತ್ಯೇಕವಾಗಿ ತೂಗುವಂತೆ ರಚಿತವಾಗಿ ಹೊರಬಂದಿತು. ಹತ್ತು ವರ್ಷಗಳ ಹಿಂದೆ ಆಗದಿದ್ದುದು ಈಗ ಆಯಿತು.

ಮೂರನೆಯ ಶೋಧನೆ ಯಂತ್ರಶಾಸ್ತ್ರಜ್ಞರದಲ್ಲ, ಅರ್ಥಶಾಸ್ತ್ರಜ್ಞರದು. ಡಿಕೇಟರ್ ಕಾರ್ಖಾನೆಯಲ್ಲಿ ೧೯೯೪ರಿಂದ ೧೯೯೬ರವರೆಗೆ ದೀರ್ಘವಾದ ಕಾರ್ಮಿಕ ಕಲಹ ನಡೆದಿತ್ತು. ಮಾಲಿಕರು ಹೊಸ ಷರತ್ತುಗಳನ್ನು ಮುಂದಿಟ್ಟರು. ಕಾರ್ಮಿಕರು ಮುಷ್ಕರ ಹೂಡಿದರು. ಅವರ ಜಾಗಕ್ಕೆ ಬೇರೆಯವರನ್ನು ತುಂಬಲಾಯಿತು. ಕೊನೆಗೆ ಹಳಬರು ಹೊಸಬರು ಒಂದೇ ಸಾಲಿನಲ್ಲಿ ನಿಂತು ಕೆಲಸ ಮಾಡಬೇಕಾಯಿತು. ಪ್ರಿನ್ಸ್‌ಟನ್ನಿನ ಅಲನ್ ಕ್ರೂಗರ್ ಮತ್ತು ಅಲೆಕ್ಸಾಂಡರ್ ಮಾಸ್ ಎಂಬ ವಿದ್ವಾಂಸರು ಟೈರುಗಳ ತಯಾರಿಕೆಯ ಕಾಲವನ್ನೂ ಅವುಗಳ ಮೇಲಿನ ದೂರುಗಳನ್ನೂ ಹೊಂದಿಸಿ ನೋಡಿ ೨೦೦೪ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅನನುಭವಿಗಳು ಮಾತ್ರ ದುಡಿಯುತ್ತಿದ್ದ ಕಾಲದಲ್ಲಿ ದೋಷ ಹೆಚ್ಚಿರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ದೋಷವು ವಿಶೇಷವಾಗಿ ಹೆಚ್ಚಿದ್ದು ಷರತ್ತುಗಳನ್ನು ಮುಂದಿಟ್ಟ ತಿಂಗಳುಗಳಲ್ಲಿ, ಮತ್ತು ಸೋತು ಹಿಂದಿರುಗಿದ ಹಳಬರು ಹೊಸಬರ ಮಗ್ಗುಲಲ್ಲಿ ನಿಂತು ದುಡಿದ ತಿಂಗಳುಗಳಲ್ಲಿ. ಉಕ್ಕನ್ನೂ ರಬ್ಬರನ್ನೂ ಬೆಸೆಯುವ ಕೈಗಳ ಮನಸ್ಸು ಒಡೆದಿದ್ದುದು ಟೈರಿನಲ್ಲಿಯೂ ಕಾಣಿಸಿಕೊಂಡಿತು. ಆ ಕಾರ್ಖಾನೆ ೨೦೦೧ರ ಡಿಸೆಂಬರಿನಲ್ಲಿ ಮುಚ್ಚಿತು.

ಈ ಪ್ರಕರಣದಿಂದ ಒಂದು ಹೊಸ ಕಾಯಿದೆ ಹುಟ್ಟಿತು. ೨೦೦೦ದ ನವೆಂಬರ್ ೧ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಮಾಡಿದ ‘ಟ್ರೆಡ್’ ಕಾಯಿದೆಯ ಪ್ರಕಾರ ಹೊರದೇಶದಲ್ಲಿ ಮಾಡಿದ ರಿಕಾಲನ್ನು ಐದು ಕೆಲಸದ ದಿನಗಳೊಳಗೆ ತಿಳಿಸತಕ್ಕದ್ದು. ಸಾವು, ಗಾಯ, ಪರಿಹಾರದ ಅರ್ಜಿಗಳ ವಿವರವನ್ನು ತಯಾರಕರು ಕಾಲಕಾಲಕ್ಕೆ ಒಪ್ಪಿಸತಕ್ಕದ್ದು. ಅದೇ ಕಾಯಿದೆಯ ಬಲದಿಂದ ೨೦೦೭ರ ಸೆಪ್ಟೆಂಬರಿನಿಂದ ತಯಾರಾಗುವ ಎಲ್ಲ ಲಘು ವಾಹನಗಳಲ್ಲಿ, ಟೈರಿನ ಗಾಳಿ ಗೊತ್ತಾದ ಪ್ರಮಾಣಕ್ಕಿಂತ ಕಾಲುಭಾಗ ಇಳಿದರೆ ಚಾಲಕನ ಮುಂದೆ ದೀಪ ಹೊತ್ತುವ ಏರ್ಪಾಡು ಕಡ್ಡಾಯವಾಯಿತು. ಗಾಡಿ ಅಡ್ಡ ತಿರುಗುವುದನ್ನು ತಾನೇ ಅರಿತು ಒಂದೊಂದು ಗಾಲಿಗೆ ಬೇರೆ ಬೇರೆಯಾಗಿ ಬ್ರೇಕು ಹಾಕುವ ಉಪಕರಣವೂ ೨೦೧೨ರ ಮಾದರಿಗಳ ಹೊತ್ತಿಗೆ ಅಲ್ಲಿ ಕಡ್ಡಾಯವಾಯಿತು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಬರಬಹುದು. ಗಾಡಿಯ ದೋಷಗಳೆಲ್ಲಕ್ಕೂ ರಿಕಾಲ್ ಉಂಟೇ? ಇಲ್ಲ. ಅದೇ ಎಕ್ಸ್‌ಪ್ಲೋರರಿನಲ್ಲಿಯೇ ಎರಡು ಬಗೆಯ ದೋಷಗಳನ್ನು ಕಾಣಬಹುದು. ೧೯೯೭ರ ನಂತರ ಬಂದ ನಾಲ್ಕು ಲೀಟರಿನ ಒಂದು ಎಂಜಿನಿನಲ್ಲಿ ಸರಪಳಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ದಾರಿಗಳು ಮುರಿದು, ಎಂಜಿನು ಗಲಗಲ ಸದ್ದು ಮಾಡುವುದು ಸಾಮಾನ್ಯವಾಗಿತ್ತು. ಹಿಂಭಾಗದ ಸರಪಳಿಯನ್ನು ಸರಿಪಡಿಸಲು ಎಂಜಿನನ್ನೇ ಹೊರಗೆ ಇಳಿಸಬೇಕು. ೨೦೧೧ರ ನಂತರದ ಮಾದರಿಯಲ್ಲಿ ನೀರಿನ ಪಂಪನ್ನು ಎಂಜಿನಿನ ಒಳಗಿಟ್ಟು ಸರಪಳಿಯಿಂದ ತಿರುಗಿಸಿದ್ದರು. ಅದು ಸೋರಿದರೆ ನೀರು ಎಂಜಿನ್ ಎಣ್ಣೆಯಲ್ಲಿ ಬೆರೆತು ಎಂಜಿನನ್ನೇ ಹಾಳುಮಾಡುತ್ತಿತ್ತು. ಇವು ಕಿಸೆಗೆ ಕತ್ತರಿ ಹಾಕುವ ದೋಷಗಳು. ಖರ್ಚನ್ನು ಹೆಚ್ಚಾಗಿ ಒಡೆಯನೇ ಹೊತ್ತನು.

ಜೀವಕ್ಕೆ ಎರವಾಗುವ ದೋಷದ ಸ್ವರೂಪ ಬೇರೆ, ಅದು ಕೆಲವೊಮ್ಮೆ ಅತ್ಯಲ್ಪ ವಸ್ತುವಿನಲ್ಲಿ ಅಡಗಿರುತ್ತದೆ. ಚಾಲಕ ಬ್ರೇಕು ತುಳಿದೊಡನೆ ವೇಗ ಹಿಡಿದಿಡುವ ಯಂತ್ರವನ್ನು ನಿಲ್ಲಿಸಲು ಬ್ರೇಕಿನ ಮುಖ್ಯ ಸಿಲಿಂಡರಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ವಿಚ್ಚನ್ನು ಜೋಡಿಸಿದ್ದರು. ಅದರೊಳಗೆ ಒಂದು ಕಡೆ ಬ್ರೇಕ್ ಎಣ್ಣೆ, ಇನ್ನೊಂದು ಕಡೆ ವಿದ್ಯುತ್ತು. ನಡುವೆ ತೆಳುವಾದ ಪೊರೆ ಮಾತ್ರ. ಪೊರೆ ಕಾಲಕ್ರಮದಲ್ಲಿ ಸೀಳಿ ಎಣ್ಣೆ ವಿದ್ಯುತ್ತಿನ ಕಡೆಗೆ ಸೋರಿತು. ಬೀಗದ ಕೈ ತೆಗೆದ ಮೇಲೂ ಆ ಸ್ವಿಚ್ಚಿಗೆ ವಿದ್ಯುತ್ತು ಹರಿಯುತ್ತಲೇ ಇತ್ತು. ಪರಿಣಾಮವಾಗಿ ನಿಲ್ಲಿಸಿದ ಗಾಡಿಗಳಿಗೆ, ಮನೆಯವರು ಮಲಗಿರುವಾಗ, ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಫೋರ್ಡ್ ಸಂಸ್ಥೆ ೧೯೯೯ರಿಂದ ೨೦೦೯ರವರೆಗೆ ಕಂತುಕಂತಾಗಿ ಒಂದು ಕೋಟಿಗೂ ಹೆಚ್ಚು ವಾಹನಗಳನ್ನು ಈ ಒಂದು ಸ್ವಿಚ್ಚಿಗಾಗಿ ಕರೆಸಬೇಕಾಯಿತು. ಎಕ್ಸ್‌ಪ್ಲೋರರಿನ ಸರದಿಯೂ ಬಂದಿತು. ಪರಿಹಾರವೆಂದರೆ ಫ್ಯೂಸು ಅಳವಡಿಸಿದ ಒಂದು ತುಂಡು ತಂತಿ.

ಚೀಟಿಯ ಸಂಖ್ಯೆ ಬದಲಿಸಿ ದೋಷವನ್ನು ಸರಿದೂಗಿಸುವ ಹಳೆಯ ಚಾಳಿ ಹೊಸ ಕಾಲದಲ್ಲಿಯೂ ಬೇರೊಂದು ರೂಪದಲ್ಲಿ ತಲೆದೋರಿದ್ದುಂಟು. ೨೦೨೦ರಿಂದ ೨೦೨೨ರವರೆಗಿನ ಎಕ್ಸ್‌ಪ್ಲೋರರುಗಳಲ್ಲಿ ಹಿಂದಿನ ಅಚ್ಚನ್ನು ಬಿಗಿಯುವ ಬೋಲ್ಟು ಮುರಿದು, ನಿಲ್ಲಿಸಿದ ಗಾಡಿ ತಾನಾಗಿ ಉರುಳುವ ಸಂಭವವಿತ್ತು. ೨೦೨೨ರಲ್ಲಿ ಸುಮಾರು ಎರಡೂವರೆ ಲಕ್ಷ ಗಾಡಿಗಳನ್ನು ಕರೆಸಿದಾಗ ಅವುಗಳಲ್ಲಿ ಬಹುಪಾಲಿಗೆ ಬೋಲ್ಟನ್ನು ಬದಲಿಸಲಿಲ್ಲ. ಅದು ಮುರಿದರೆ ಕೈಬ್ರೇಕು ತಾನೇ ಹಿಡಿಯುವಂತೆ ಗಾಡಿಯ ಗಣಕಕ್ಕೆ ಹೊಸ ಆದೇಶ ತುಂಬಿ ಕಳುಹಿಸಲಾಯಿತು. ಮುರಿಯುವ ಬೋಲ್ಟು ಮುರಿಯುತ್ತಲೇ ಇರಬಹುದೇ ಎಂದು ಸುರಕ್ಷತಾ ಆಡಳಿತವು ಪ್ರಶ್ನಿಸಿತು. ೨೦೨೩ರ ಅಕ್ಟೋಬರಿನಲ್ಲಿ ಅದೇ ಗಾಡಿಗಳನ್ನು ಮತ್ತೆ ಕರೆಸಿ, ಈ ಬಾರಿ ಭಾಗಗಳನ್ನೇ ಬದಲಿಸುವ ಏರ್ಪಾಡಾಯಿತು.

ನಮ್ಮ ದೇಶದಲ್ಲಿ ಈ ಪದ್ಧತಿ ತಡವಾಗಿ ಬಂದಿತು. ೨೦೧೨ರಲ್ಲಿ ವಾಹನ ತಯಾರಕರ ಸಂಘವು ಸ್ವಇಚ್ಛೆಯ ಒಂದು ಕಟ್ಟಳೆಯನ್ನು ಮಾಡಿಕೊಂಡಿತು. ಅದುವರೆಗೆ ಅದೂ ಇರಲಿಲ್ಲ. ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ೧೧೦ಎ ಎಂಬ ಹೊಸ ಕಲಮಿನ ಮೂಲಕ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿತು. ಅದರ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ತಯಾರಾಗಿ ಏಳು ವರ್ಷ ಮೀರದ ವಾಹನಗಳಿಗೆ ಮಾತ್ರ ಇವು ಅನ್ವಯಿಸುತ್ತವೆ. ಅಪ್ಪಣೆಯಂತೆ ನಡೆಯದ ತಯಾರಕರಿಗೆ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಗಳವರೆಗೆ ದಂಡವುಂಟು. ಒಂದು ಗಾಡಿಯನ್ನು ಹತ್ತು ಹದಿನೈದು ವರ್ಷ, ಎರಡು ಮೂರು ಕೈ ದಾಟಿಸಿ ಓಡಿಸುವ ನಾಡಿನಲ್ಲಿ ಏಳು ವರ್ಷದ ಮಿತಿ ಸಾಲದೆಂದೇ ತೋರುತ್ತದೆ.

ರಿಕಾಲಿನ ಸುದ್ದಿಯು ಸಾಮಾನ್ಯವಾಗಿ ತಯಾರಕರ ದಫ್ತರದಲ್ಲಿರುವ ವಿಳಾಸಕ್ಕೆ ಹೋಗುತ್ತದೆ. ಗಾಡಿಯನ್ನು ಎರಡನೆಯವರಾಗಿ ಕೊಂಡವರ ಹೆಸರು ಅನೇಕ ವೇಳೆ ಅಲ್ಲಿರುವುದೇ ಇಲ್ಲ. ಅಂಥವರು ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆಯನ್ನು ಆ ವಾಹನದ ಅಧಿಕೃತ ದುರಸ್ತಿ ಕೇಂದ್ರದಲ್ಲಿ ಕೊಟ್ಟು ವಿಚಾರಿಸಿದರೆ, ತಮ್ಮ ಗಾಡಿಗೆ ರಿಕಾಲ್ ಬಂದಿತ್ತೇ, ಬಂದಿದ್ದರೆ ಹಿಂದಿನ ಒಡೆಯ ಅದನ್ನು ಸರಿಪಡಿಸಿಕೊಂಡಿದ್ದನೇ ಎಂಬುದು ತಿಳಿಯುತ್ತದೆ. ಟೈರಿನ ವಯಸ್ಸನ್ನು ಅದರ ಪಕ್ಕದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಹೇಳುತ್ತವೆ: ೩೫೨೨ ಎಂದಿದ್ದರೆ ೨೦೨೨ನೆಯ ವರ್ಷದ ಮೂವತ್ತೈದನೆಯ ವಾರದಲ್ಲಿ ತಯಾರಾದುದು. ಗಾಳಿಯ ಪ್ರಮಾಣ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಗಾಡಿ ತುಂಬ ಜನ ಹತ್ತುವಾಗ ಎಷ್ಟಿರಬೇಕೆಂಬುದನ್ನು ಅನೇಕ ಗಾಡಿಗಳಲ್ಲಿ ಅದೇ ಚೀಟಿಯಲ್ಲಿ ಬೇರೆಯಾಗಿ ಬರೆದಿರುತ್ತಾರೆ. ಅದನ್ನು ನೋಡಬೇಕಾದುದು ಬೆಳಗ್ಗೆ, ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ.